ಜೇಬುಗಣಕಕ್ಕೆ ಮನೆಯಲ್ಲೇ ಕಟ್ಟಿದ ನೆನಪು

ಚರಿತ್ರೆ, ಅರ್ಥಶಾಸ್ತ್ರ, ಕನ್ನಡ ಓದುವವನು ಯಂತ್ರದ ಹೊಟ್ಟೆಯೊಳಗಿನ ಸಂಗತಿಯನ್ನು ಬರೆಯಹೊರಟರೆ ಅದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ನನ್ನ ಸಮಾಧಾನವಿಷ್ಟೆ: ನಮ್ಮ ಅಣ್ಣ ಮೊಬೈಲು ರಿಪೇರಿಯ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಕಾಲೇಜು ಬಿಟ್ಟ ಮೇಲೆ ನಾನೂ ಅಲ್ಲಿ ಕುಳಿತು ಬೆಸುಗೆ ಹಾಕುತ್ತೇನೆ. ಕಳೆದ ವರ್ಷ ಆ ಅಂಗಡಿಗೆ ನಮ್ಮ ಊರಿನ ನಿವೃತ್ತ ಇಂಜಿನಿಯರರೊಬ್ಬರು ಒಂದು ವಿಚಿತ್ರ ಪದಾರ್ಥವನ್ನು ತಂದರು. ಗೇಣುದ್ದ, ನಾಲ್ಕೈದು ಬೆರಳಗಲ. ಮೇಲೆ ಒಂದೇ ಸಾಲಿನ ಪರದೆ, ಕೆಳಗೆ ಬೆರಳಚ್ಚು ಯಂತ್ರದಂತೆ ಅಕ್ಷರಗಳ ಗುಂಡಿಗಳು. ಅದು ಜಪಾನಿನ ಶಾರ್ಪ್ ಕಂಪೆನಿಯ ಪಿಸಿ-೧೫೦೦ ಎಂಬ ಜೇಬುಗಣಕ. ಅವರು ಕೊಲ್ಲಿದೇಶದಲ್ಲಿ ಕೆಲಸದಲ್ಲಿದ್ದಾಗ ಕೊಂಡದ್ದಂತೆ. “ಇದು ಕೆಟ್ಟಿಲ್ಲಪ್ಪಾ. ಇದಕ್ಕೆ ನೆನಪು ಸಾಲದು. ಇನ್ನಷ್ಟು ಸೇರಿಸಲಾದೀತೆ?” ಎಂದು ಕೇಳಿದರು. ಅಣ್ಣ ನನ್ನ ಮುಖ ನೋಡಿದ. ನಾನು “ನೋಡ್ತೀನಿ ಸಾರ್” ಎಂದುಬಿಟ್ಟೆ. ಈ ಲೇಖನ ಆ ಒಂದು ಮಾತಿನ ಫಲ.

ಜೇಬುಗಣಕವೆಂದರೆ ಕೂಡಿ ಕಳೆಯುವ ಕ್ಯಾಲ್ಕುಲೇಟರಿಗೂ ಮೇಜಿನ ಮೇಲಿನ ಕಂಪ್ಯೂಟರಿಗೂ ನಡುವಿನ ಜಾತಿ. ಬೇಸಿಕ್ ಭಾಷೆಯಲ್ಲಿ ಕ್ರಮವಿಧಿಯನ್ನು ಬರೆದು ಅದರೊಳಗೆ ಇಟ್ಟರೆ, ಬೇಕೆಂದಾಗ ಅದನ್ನು ನಡೆಸುತ್ತದೆ. ಶಾರ್ಪ್‌ನವರ ಪಿಸಿ-೧೨೧೧ ೧೯೮೦ರಲ್ಲಿ ಬಂತು. ನಮ್ಮ ಕಥೆಯ ಪಿಸಿ-೧೫೦೦ ೧೯೮೧ರಲ್ಲಿ. ಅಮೆರಿಕದಲ್ಲಿ ರೇಡಿಯೋ ಶ್ಯಾಕ್ ಅಂಗಡಿಗಳು ಇದನ್ನೇ ಪಿಸಿ-೨ ಎಂಬ ತಮ್ಮ ಹೆಸರಿನಲ್ಲಿ ಮಾರಿದವು. ಇದರಲ್ಲಿ ಕ್ರಮವಿಧಿ ಬರೆಯುವವನಿಗೆ ಸಿಗುವ ಜಾಗ ೧೮೫೦ ಬೈಟು. ಒಂದು ಬೈಟಿನಲ್ಲಿ ಒಂದು ಅಕ್ಷರ ಕೂರುತ್ತದೆ. ಒಂದು ಪೂರ್ತಿ ಸಂಖ್ಯೆಗೆ ಎಂಟು ಬೈಟು ಬೇಕು. ನನ್ನ ಜೇಬಿನಲ್ಲಿರುವ ಸಾಧಾರಣ ಮೊಬೈಲಿನ ೪ ಜಿಬಿ ಇದರ ಸುಮಾರು ಇಪ್ಪತ್ತಮೂರು ಲಕ್ಷ ಪಟ್ಟು. ಹಾಗಿದ್ದ ಮೇಲೆ ಮೊಬೈಲಿನಲ್ಲೇ ಲೆಕ್ಕ ಮಾಡಬಾರದೇ ಎಂದು ನಾನೂ ಕೇಳಿದೆ. ಇಂಜಿನಿಯರರು ಒಂದು ಹಳೆಯ ನೋಟುಬುಕ್ಕನ್ನು ತೆರೆದು ತೋರಿಸಿದರು. ಕೆರೆಯೊಂದರ ಸುತ್ತ ಅಳತೆ ಮಾಡಿದ ನೂರು ಬಿಂದುಗಳು ಅಲ್ಲಿದ್ದವು. ಪ್ರತಿ ಬಿಂದುವಿಗೂ ಮೂರು ಸಂಖ್ಯೆ: ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು, ಎತ್ತರ ಎಷ್ಟು. ಮುನ್ನೂರು ಸಂಖ್ಯೆಗಳಿಗೆ ೨೪೦೦ ಬೈಟು ಬೇಕು. ಕ್ರಮವಿಧಿಯ ಜಾಗ ಬೇರೆ. ಆದುದರಿಂದ ಅವರು ಕೆಲಸದಲ್ಲಿದ್ದಷ್ಟು ಕಾಲವೂ ಇಂಥ ಲೆಕ್ಕವನ್ನು ತುಂಡು ಮಾಡಿ ಮಾಡಿದವರು. ತಾವು ಬರೆದ ವಿಧಿ ಒಂದು ಸಲವಾದರೂ ಇಡಿಯಾಗಿ ಓಡುವುದನ್ನು ನೋಡಬೇಕೆಂಬುದು ಅವರ ಆಸೆ. ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಇಷ್ಟು ಕಡಮೆ ಜಾಗ ಕೊಟ್ಟದ್ದು ಕಂಪೆನಿಯವರ ಜಿಪುಣತನವೆಂದು ತಿಳಿಯಬಾರದು. ಮೆಮೊರಿಯಲ್ಲಿ ಎರಡು ಬಗೆ. ಒಂದು ತೂತುಬಿದ್ದ ಗಡಿಗೆಯ ಹಾಗೆ. ತುಂಬಿದ್ದು ಸೋರಿಹೋಗುವುದರಿಂದ ಕ್ಷಣಕ್ಷಣಕ್ಕೂ ಮರಳಿ ತುಂಬುತ್ತಿರಬೇಕು. ಇದಕ್ಕೆ ಡೈನಮಿಕ್ ಮೆಮೊರಿ ಎಂದು ಹೆಸರು. ಇದು ಅಗ್ಗ, ಆದರೆ ಸದಾ ವಿದ್ಯುತ್ತು ತಿನ್ನುತ್ತದೆ. ಇನ್ನೊಂದು ಬಾಗಿಲ ಅಗಣಿಯ ಹಾಗೆ. ಒಮ್ಮೆ ಸರಿಸಿದರೆ ಸರಿಸಿದಲ್ಲೇ ನಿಲ್ಲುತ್ತದೆ. ಇದು ಸ್ಟ್ಯಾಟಿಕ್ ಮೆಮೊರಿ. ಒಂದೊಂದು ಬಿಟ್ಟಿಗೂ ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರು ಬೇಕಾದ್ದರಿಂದ ಆ ಕಾಲಕ್ಕೆ ಬಹಳ ದುಬಾರಿ. ನಾಲ್ಕು ಸೆಲ್ಲುಗಳ ಮೇಲೆ ತಿಂಗಳುಗಟ್ಟಲೆ ಬಾಳಬೇಕಾದ ಯಂತ್ರಕ್ಕೆ ಈ ಎರಡನೆಯದೇ ಗತಿ.

ಹೆಚ್ಚು ಬೇಕಾದವರಿಗೆ ತಯಾರಕರೇ ತುಣುಕುಗಳನ್ನು ಮಾರುತ್ತಿದ್ದರು. ಕ್ಯಾಸಿಯೋದ ಪಿಬಿ-೧೦೦ ಯಂತ್ರಕ್ಕೆ ಓಆರ್-೧ ಎಂಬುದನ್ನು ಸೇರಿಸಿದರೆ ೫೪೪ ಹೆಜ್ಜೆಗಳ ಜಾಗ ೧೫೬೮ ಆಗುತ್ತಿತ್ತು. ಹ್ಯೂಲೆಟ್-ಪ್ಯಾಕರ್ಡ್‌ನವರು ೧೯೭೯ರಲ್ಲಿ ತಂದ ಎಚ್‌ಪಿ-೪೧ಸಿಯ ಕಥೆ ಇನ್ನೂ ಸ್ವಾರಸ್ಯದ್ದು. ಅದರೊಳಗೆ ೬೩ ರಿಜಿಸ್ಟರು, ತಲೆಯ ಮೇಲೆ ನಾಲ್ಕು ಕಿಂಡಿ. ಒಂದೊಂದು ಕಿಂಡಿಗೆ ೬೪ ರಿಜಿಸ್ಟರಿನ ಒಂದೊಂದು ಮೆಮೊರಿ ತುಣುಕು ಇಟ್ಟರೆ ಒಟ್ಟು ೩೧೯. ಆದರೆ ನಾಲ್ಕೂ ಕಿಂಡಿ ಭರ್ತಿಯಾದ ಮೇಲೆ ಮುದ್ರಣಯಂತ್ರವನ್ನಾಗಲಿ ಕಾರ್ಡು ಓದುವ ಉಪಕರಣವನ್ನಾಗಲಿ ಎಲ್ಲಿ ಸಿಕ್ಕಿಸುವುದು? ಉಂಡ ಎಲೆಯ ಮೇಲೇ ಕೈತೊಳೆಯುವ ಪಾಡು. ಕೈಚಳಕವುಳ್ಳ ಬಳಕೆದಾರರು ಯಂತ್ರವನ್ನು ಬಿಚ್ಚಿ ತುಣುಕುಗಳನ್ನು ಒಳಗೇ ಬೆಸೆದು ಕಿಂಡಿಗಳನ್ನು ಖಾಲಿ ಉಳಿಸಿಕೊಂಡರು. ಮುಂದೆ ಕಂಪೆನಿಯೇ ಅಷ್ಟೂ ನೆನಪನ್ನು ಒಳಗಿಟ್ಟು ಎಚ್‌ಪಿ-೪೧ಸಿವಿ ಎಂದು ಮಾರಿತು. ಆ ‘ವಿ’ ರೋಮನ್ ಅಂಕಿಯ ಐದು.

ಈಗ ಈ ತುಣುಕುಗಳನ್ನು ಆ ಕಂಪೆನಿಗಳು ತಯಾರಿಸುವುದಿಲ್ಲ. ಆದುದರಿಂದ ಮನೆಯಲ್ಲೇ ಕಟ್ಟಬೇಕು.

ಮೆಮೊರಿ ಚಿಪ್ಪನ್ನು ತಂದು ಬೆಸೆದರಾಯಿತು ಎಂದು ನಾನು ಎಣಿಸಿದ್ದೆ. ಹಾಗಲ್ಲ. ಮನೆ ಕಟ್ಟುವ ಮೊದಲು ಖಾಲಿ ನಿವೇಶನ ಬೇಕು. ಪಿಸಿ-೧೫೦೦ರ ಪ್ರೊಸೆಸರಿನಿಂದ ಹದಿನಾರು ವಿಳಾಸದ ತಂತಿಗಳು ಹೊರಡುತ್ತವೆ. ಪ್ರತಿ ತಂತಿಯಲ್ಲೂ ಸೊನ್ನೆ ಅಥವಾ ಒಂದು ಇರುವುದರಿಂದ ಒಟ್ಟು ೬೫,೫೩೬ ವಿಳಾಸಗಳಾಗುತ್ತವೆ. ಇದನ್ನು ನಾಲ್ಕು ಬೀದಿಗಳ ಒಂದು ಊರೆಂದು ಭಾವಿಸೋಣ. ಬೀದಿಗೆ ೧೬,೩೮೪ ಮನೆ. ಮೇಲಿನ ಎರಡು ತಂತಿಗಳು ಯಾವ ಬೀದಿ ಎಂಬುದನ್ನೂ, ಉಳಿದ ಹದಿನಾಲ್ಕು ಯಾವ ಮನೆ ಎಂಬುದನ್ನೂ ಹೇಳುತ್ತವೆ. ನಾಲ್ಕನೆಯ ಬೀದಿಯಲ್ಲಿ ಬೇಸಿಕ್ ಭಾಷೆಯನ್ನು ಅರಿತ ಕಾಯಂ ಮೆಮೊರಿ ನೆಲೆಸಿದೆ. ಮೂರನೆಯದರಲ್ಲಿ ಮುದ್ರಣಯಂತ್ರ ಬಂದರೆ ಅದರ ಬಿಡಾರ. ಎರಡನೆಯ ಬೀದಿಯ ಮೊದಲ ೨೦೪೮ ಮನೆಗಳೇ ಬಳಕೆದಾರನ ಮೆಮೊರಿ. ಅದರಲ್ಲಿ ಯಂತ್ರ ತನ್ನ ಖರ್ಚಿಗೆಂದು ಇಟ್ಟುಕೊಂಡು ಉಳಿದದ್ದು ೧೮೫೦. ಅದೇ ಬೀದಿಯ ಕೊನೆಯ ಕಡೆ ಪರದೆಯ ಮೆಮೊರಿ. ಮೊದಲನೆಯ ಬೀದಿಯೋ, ಏನನ್ನೂ ಸೇರಿಸದ ಯಂತ್ರದಲ್ಲಿ, ಪೂರ್ತಿ ಬಯಲು! ಅದರ ಕೊನೆಯ ಮನೆ ಎರಡನೆಯ ಬೀದಿಯ ಮೊದಲ ಮನೆಗೆ ಅಂಟಿಕೊಂಡೇ ಇದೆ. ಬೇಸಿಕ್ಕಿಗೆ ಎಡೆಬಿಡದ ಜಾಗ ಬೇಕಾದ್ದರಿಂದ ಇದು ದೊಡ್ಡ ಅನುಕೂಲ. ಶಾರ್ಪ್‌ನವರ ೧೬ಕೆ ತುಣುಕು ಕೂಡ ಈ ಬೀದಿಯಲ್ಲೇ ಕೂರುತ್ತಿತ್ತು.

ಇನ್ನು ಬಾಗಿಲು ಕಾಯುವವನೊಬ್ಬ ಬೇಕು. ಮೊದಲ ಬೀದಿಯ ವಿಳಾಸ ಬಂದಾಗ ಮಾತ್ರ ನಮ್ಮ ಚಿಪ್ಪು ಮಾತಾಡಬೇಕು. ಬೇರೆಯವರನ್ನು ಕರೆದಾಗ ಇದೂ ಓಗೊಟ್ಟರೆ ಯಂತ್ರ ತಬ್ಬಿಬ್ಬಾಗುತ್ತದೆ. ಈ ಕಾವಲಿಗೆ ೭೪ಎಚ್‌ಸಿ೧೩೮ ಎಂಬ ಅಗ್ಗದ ಚಿಪ್ಪು ಸಾಕು. ಮೇಲಿನ ಎರಡು ತಂತಿಗಳೂ ಸೊನ್ನೆಯಾದಾಗ ಅದು ಮೆಮೊರಿಯನ್ನು ಎಬ್ಬಿಸುತ್ತದೆ. ಈ ಪ್ರೊಸೆಸರಿಗೆ ಇಂಥದೇ ಇನ್ನೊಂದು ಊರೂ ಉಂಟು. ಕರೆ ಯಾವ ಊರಿನದೆಂದು ತಿಳಿಸುವ ತಂತಿಯನ್ನೂ ಕಾವಲಿನವನಿಗೆ ಕೊಡಬೇಕು. ಪ್ರೊಸೆಸರು ನಿದ್ದೆ ಹೋದಾಗ ತಂತಿಗಳು ಅನಾಥವಾಗಿ ತೇಲಾಡಬಹುದು. ಅಂಥ ವೇಳೆ ಮೆಮೊರಿ ತನ್ನನ್ನೇ ಕರೆದರೆಂದು ಭ್ರಮಿಸದಂತೆ ಒಂದು ರೆಸಿಸ್ಟರು ಹಾಕಿ ಅದನ್ನು ಮಲಗಿಸಿಯೇ ಇಡುವುದು ಕ್ಷೇಮ.

ಮೆಮೊರಿಗೆ ೨೮ ಕಾಲಿನ ೩೨ಕೆ ಚಿಪ್ಪೊಂದನ್ನು ಆರಿಸಿದೆ. ಬೇಕಾದದ್ದು ಅದರ ಅರ್ಧ. ಮೇಲಿನ ವಿಳಾಸದ ಕಾಲನ್ನು ನೆಲಕ್ಕೆ ಕಟ್ಟಿದರೆ ಉಳಿದರ್ಧಕ್ಕೆ ಬೀಗ ಬಿದ್ದಂತೆ. ಯಂತ್ರದ ಬೆನ್ನಿನಲ್ಲಿ ಮೆಮೊರಿ ತುಣುಕಿಗೆಂದೇ ಬಿಟ್ಟ ಗೂಡಿನಲ್ಲಿ ಚಿಪ್ಪುಗಳನ್ನು ಕೂರಿಸಿ, ಒಳಗಿನಿಂದ ತಂತಿ ಎಳೆದೆ. ವಿಳಾಸಕ್ಕೆ ಹದಿನಾರು, ದತ್ತಾಂಶಕ್ಕೆ ಎಂಟು, ಓದು ಬರೆಹಕ್ಕೆ ಎರಡು, ಊರಿನದೊಂದು, ವಿದ್ಯುತ್ತಿಗೆ ಎರಡು: ಒಟ್ಟು ಇಪ್ಪತ್ತೊಂಬತ್ತು. ಮೊಬೈಲಿನಲ್ಲಿ ಕೂದಲೆಳೆಯಂಥ ತಂತಿಯಿಂದ ಜಂಪರ್ ಹಾಕಿ ರೂಢಿಯಾದ ಕೈಗೆ ಇದು ಕಷ್ಟವಲ್ಲ. ಆದರೂ ಎಲ್ಲ ಮುಗಿದ ಮೇಲೆ ಮಲ್ಟಿಮೀಟರು ಹಿಡಿದು ನೋಡಿದರೆ ಎರಡು ವಿಳಾಸದ ತಂತಿಗಳು ಅದಲುಬದಲಾಗಿದ್ದವು! ಕಿತ್ತು ಹಾಕಲು ಹೊರಟವನು ಒಂದು ಗಳಿಗೆ ಯೋಚಿಸಿದೆ. ಐದನೆಯ ಗೂಡಿನಲ್ಲಿ ಇಡು ಎಂದರೆ ಒಂಬತ್ತನೆಯದರಲ್ಲಿ ಇಡುವ ಆಳು, ಐದನೆಯದರಿಂದ ತಾ ಎಂದಾಗಲೂ ಒಂಬತ್ತನೆಯದಕ್ಕೇ ಹೋಗುವನಾದರೆ ಯಜಮಾನನಿಗೆ ನಷ್ಟವೇನು? ಬರೆಯುವಾಗಲೂ ಓದುವಾಗಲೂ ತಪ್ಪು ಒಂದೇ ಆದ್ದರಿಂದ ತಪ್ಪೇ ಇಲ್ಲದಂತಾಯಿತು. ಮೊದಲೇ ಬರೆದಿಟ್ಟ ಕಾಯಂ ಮೆಮೊರಿಯಲ್ಲಿ ಈ ಸಲಿಗೆ ನಡೆಯದು. ಬೀದಿಯನ್ನು ಹೇಳುವ ಎರಡು ತಂತಿಗಳಲ್ಲಿ ಯಾವುದನ್ನಾದರೂ ಮನೆಯ ತಂತಿಯೊಡನೆ ಅದಲುಬದಲು ಮಾಡಿದರೂ ನಡೆಯದು. ಆ ಎರಡು ತಂತಿಗಳು ಇಂದಿಗೂ ಹಾಗೆಯೇ ಇವೆ.

ಯಂತ್ರವನ್ನು ಮರುಹೊಂದಿಸಿ, ಉಳಿದಿರುವ ಜಾಗ ಎಷ್ಟೆಂದು ಕೇಳುವ ಮೆಮ್ ಎಂಬ ಆಜ್ಞೆ ಕೊಟ್ಟೆ. ಮೊದಲ ಸಲ ೧೮೫೦ ಎಂದೇ ಉತ್ತರ ಬಂತು. ಒಂದು ಬೆಸುಗೆ ಕಚ್ಚಿರಲಿಲ್ಲ. ಎರಡನೆಯ ಸಲ ೧೮,೨೩೪. ಅಣ್ಣ ಎದ್ದು ಬಂದು ನೋಡಿದ. ಮೆಮೊರಿ ಇದೆ ಎನ್ನುವುದು ಬೇರೆ, ನಂಬಬಹುದು ಎನ್ನುವುದು ಬೇರೆ. ಆದುದರಿಂದ ಪ್ರತಿ ಮನೆಯಲ್ಲೂ ೮೫ ಎಂದು ಬರೆದು ಓದಿಸಿದೆ, ಆಮೇಲೆ ೧೭೦. ಎರಡರ ದ್ವಿಮಾನ ರೂಪದಲ್ಲೂ ಒಂದು ಸೊನ್ನೆಗಳು ಒಂದು ಬಿಟ್ಟು ಒಂದು ಬರುತ್ತವೆ, ಒಂದರಲ್ಲಿ ಸೊನ್ನೆ ಇರುವಲ್ಲಿ ಇನ್ನೊಂದರಲ್ಲಿ ಒಂದು. ಪಕ್ಕದ ದತ್ತಾಂಶ ತಂತಿಗಳು ತಾಗಿಕೊಂಡಿದ್ದರೆ ಇಲ್ಲಿ ಬಯಲಾಗುತ್ತದೆ.

ಇಂಜಿನಿಯರರು ಎರಡು ಮಧ್ಯಾಹ್ನ ನಮ್ಮ ಅಂಗಡಿಯಲ್ಲೇ ಕುಳಿತು ನೋಟುಬುಕ್ಕು ನೋಡಿ ವಿಧಿಯನ್ನೂ ಮುನ್ನೂರು ಸಂಖ್ಯೆಗಳನ್ನೂ ಒತ್ತಿದರು. ಅವರ ಕೈ ನಡುಗುತ್ತದೆ. ಒಂದೊಂದು ಸಾಲನ್ನೂ ಎರಡೆರಡು ಸಲ ತಿದ್ದಬೇಕಾಗಿತ್ತು. ನಾನು ಒತ್ತಿಕೊಡುತ್ತೇನೆಂದರೆ ಒಪ್ಪಲಿಲ್ಲ. ಲೆಕ್ಕವನ್ನು ಮೊಮ್ಮಗ ರಜೆಗೆ ಬಂದಾಗ ಅವನ ಎದುರಿಗೆ ಓಡಿಸುತ್ತೇನೆಂದು ಯಂತ್ರವನ್ನು ಒಯ್ದರು. ಮೂರು ವಾರ ಕಳೆದು ಮರಳಿ ತಂದರು. ಪರದೆ ಕಪ್ಪಾಗಲೇ ಇಲ್ಲ. ಸೆಲ್ಲುಗಳು ಸತ್ತಿದ್ದವು, ವಿಧಿ, ಸಂಖ್ಯೆ ಒಂದೂ ಉಳಿದಿರಲಿಲ್ಲ.

ತಪ್ಪು ನನ್ನದೇ. ನಾನು ಹಾಕಿದ್ದ ಚಿಪ್ಪು ಗುಜರಿಯ ಹಳೆಯ ಕಂಪ್ಯೂಟರೊಂದರ ಬೋರ್ಡಿನಿಂದ ಕಿತ್ತದ್ದು. ಅಲ್ಲಿ ಅದು ಕ್ಯಾಶ್ ಮೆಮೊರಿಯಾಗಿತ್ತು. ಕ್ಯಾಶ್ ಎಂದರೆ ಅತಿ ವೇಗದ ಚಿಪ್ಪು. ಇಪ್ಪತ್ತು ನ್ಯಾನೋಸೆಕೆಂಡಿನೊಳಗೆ ಉತ್ತರ ಕೊಡುವಂಥದು. ಪಿಸಿ-೧೫೦೦ರ ಗಡಿಯಾರ ಸೆಕೆಂಡಿಗೆ ೧೩ ಲಕ್ಷ ಸಲ ಬಡಿಯುತ್ತದೆ. ಒಂದು ಬಡಿತಕ್ಕೆ ಏಳುನೂರಕ್ಕೂ ಹೆಚ್ಚು ನ್ಯಾನೋಸೆಕೆಂಡು. ಸೊಪ್ಪಿನ ಗಂಟು ಹೊರಲು ಆನೆಯನ್ನು ಕಟ್ಟಿದ್ದೆ, ಮತ್ತು ಆನೆ ನಿಂತಲ್ಲೇ ಮೇಯುತ್ತದೆಂಬುದನ್ನು ಮರೆತಿದ್ದೆ. ಅಳೆದು ನೋಡಿದರೆ ಯಂತ್ರ ಆರಿಸಿದಾಗಲೂ ಆ ಚಿಪ್ಪು ೨ ಮಿಲಿಆಂಪಿಯರು ಎಳೆಯುತ್ತಿತ್ತು. ದಿನಕ್ಕೆ ೪೮ ಮಿಲಿಆಂಪಿಯರ್-ಗಂಟೆ. ಸಾವಿರದಷ್ಟು ಹಿಡಿಯುವ ಸೆಲ್ಲಾದರೆ ಇಪ್ಪತ್ತೊಂದು ದಿನ. ಅರ್ಥಶಾಸ್ತ್ರದ ವಿದ್ಯಾರ್ಥಿ ಮೊದಲೇ ಮಾಡಬೇಕಾಗಿದ್ದ ಭಾಗಾಕಾರ!

“ಪರವಾಗಿಲ್ಲ ಬಿಡಪ್ಪಾ, ನೋಟುಬುಕ್ಕಿದೆಯಲ್ಲ” ಎಂದರು. ಬೈದಿದ್ದರೆ ವಾಸಿಯಾಗಿತ್ತು.

ಚಿಪ್ಪಿಗೆ ಸಣ್ಣ ಗುಂಡಿ ಸೆಲ್ಲೊಂದನ್ನು ಜೊತೆಗಿಡೋಣವೆಂದು ಮೊದಲು ಯೋಚಿಸಿದೆ. ವಿದ್ಯುತ್ತಿಲ್ಲದೆಯೂ ಮರೆಯದ ಫೆರೋಎಲೆಕ್ಟ್ರಿಕ್ ಮೆಮೊರಿಯೂ ಈಗ ಸಿಗುತ್ತದೆ. ಆದರೆ ವಿಧಿ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂಬ ಗುರುತು ಯಂತ್ರದ ಸ್ವಂತ ಮೆಮೊರಿಯಲ್ಲಿದೆ. ಮುಖ್ಯ ಸೆಲ್ಲು ಸತ್ತರೆ ಆ ಗುರುತು ಅಳಿಯುತ್ತದೆ. ಪುಸ್ತಕ ಉಳಿದು ಪರಿವಿಡಿ ಸುಟ್ಟಂತೆ. ಮುಖ್ಯ ಸೆಲ್ಲನ್ನು ಕಾಪಾಡುವುದೇ ಸರಿಯಾದ ಚಿಕಿತ್ಸೆ. ಮುಂದಿನ ವಾರ ಅಣ್ಣ ಬಿಡಿಭಾಗ ತರಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ೬೨೨೫೬ ಎಂಬ ಚಿಪ್ಪನ್ನು, ಹೆಸರಿನ ಬಾಲದಲ್ಲಿ ‘ಎಲ್’ ಅಕ್ಷರ ಇರುವುದನ್ನೇ ನೋಡಿ ತರಲು ಹೇಳಿದೆ. ಮಿತಾಹಾರಿ ಚಿಪ್ಪಿಗೆ ಹಲವು ತಯಾರಕರು ಇಡುವ ಗುರುತು ಅದು. ಎಪ್ಪತ್ತು ನ್ಯಾನೋಸೆಕೆಂಡಿನದು, ನಮಗೆ ಧಾರಾಳ. ಹಾಕಿ ಅಳೆದರೆ ನನ್ನ ಮೀಟರಿನ ಮಿಲಿಆಂಪಿಯರಿನ ಅಳತೆಯಲ್ಲಿ ಸೊನ್ನೆ. ಮೈಕ್ರೋಆಂಪಿಯರಿಗೆ ಇಳಿಸಿದ ಮೇಲೆ ಎರಡು ಮೂರು ಎಂದು ತೋರಿಸಿತು.

ಈ ಸಲ ಯಂತ್ರವನ್ನು ಕೊಡದೆ ನಲವತ್ತು ದಿನ ಅಂಗಡಿಯ ಕಪಾಟಿನಲ್ಲೇ ಇಟ್ಟುಕೊಂಡು, ಒಳಗೆ ನಾನೇ ತುಂಬಿದ್ದ ಸಂಖ್ಯೆಗಳನ್ನು ದಿನವೂ ಓದಿಸಿ ನೋಡಿದೆ. ಒಂದೂ ಕದಲಲಿಲ್ಲ. ಆಮೇಲೆ ಇಂಜಿನಿಯರರಿಗೆ ಹೇಳಿಕಳುಹಿಸಿದೆ. ಅವರು ಮತ್ತೆ ಬಂದು ಕುಳಿತರು. ಈ ಬಾರಿ ಮೂರು ಮಧ್ಯಾಹ್ನ ಹಿಡಿಯಿತು. ಸಂಖ್ಯೆಗಳನ್ನು ಮಾತ್ರ ನಾನು ಓದಿ ಹೇಳಲು ಬಿಟ್ಟರು. ಕೊನೆಯ ಬಿಂದು ಒತ್ತಿ, ಮೊಮ್ಮಗನಿಗಾಗಿ ಕಾಯದೆ, ಅಲ್ಲೇ ಓಡಿಸಿದರು. ನೂರು ಬಿಂದುಗಳನ್ನು ಮುಗಿಸಲು ಆ ಯಂತ್ರ ತೆಗೆದುಕೊಂಡ ಹೊತ್ತಿನಲ್ಲಿ ಅಣ್ಣ ಹೋಟೆಲಿನಿಂದ ಮೂರು ಟೀ ತರಿಸಿದ.