ಸೈರನ್ ಕೂಗಿದ ಮೇಲೆ ಎಷ್ಟು ಸೆಕೆಂಡು?

2025ರ ಮೇ 7ರ ಸಾಯಂಕಾಲ 4 ಗಂಟೆಗೆ ಹೈದರಾಬಾದಿನಲ್ಲಿ ಸೈರನ್‌ಗಳು ಕೂಗಿದವು. ಗೋಲ್ಕೊಂಡ, ಸಿಕಂದರಾಬಾದ್, ಕಂಚನಬಾಗ್, ಮೌಲಾಲಿಗಳಲ್ಲಿ ಜನ ಓಡಿ ಮರೆಗೆ ಹೋದರು, ಗಾಯಗೊಂಡವರಂತೆ ಮಲಗಿದವರನ್ನು ಸ್ಟ್ರೆಚರ್ ಮೇಲೆ ಸಾಗಿಸಲಾಯಿತು. ಅದು ‘ಆಪರೇಷನ್ ಅಭ್ಯಾಸ್’ ಎಂಬ ಅಣಕು ಕವಾಯತು. ದೇಶದ 244 ನಾಗರಿಕ ರಕ್ಷಣಾ ಜಿಲ್ಲೆಗಳಿಗೆ ಈ ಆದೇಶ ಹೋಗಿತ್ತು. ಕರ್ನಾಟಕದ ಬೆಂಗಳೂರು, ರಾಯಚೂರು ಪಟ್ಟಿಯಲ್ಲಿದ್ದವು. ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಇರಲಿಲ್ಲ. ಅದಕ್ಕೇ ನಮ್ಮ ಮಕ್ಕಳು ಇದನ್ನು ಟಿ.ವಿ.ಯಲ್ಲಿ ಮಾತ್ರ ನೋಡಿದರು. “ನಮ್ಮ ಕಡೆ ಬಂದ್ರೆ ಏನ್ ಮಾಡ್ಬೇಕು ಸರ್?” ಅಂತ ಕೇಳಿದವರು ಬಹಳ.

ಭಯದ ಪ್ರಶ್ನೆಗೆ ಲೆಕ್ಕದಿಂದ ಉತ್ತರ ಹುಡುಕೋಣ. ಜಹೀರಾಬಾದಿನಿಂದ ಬೀದರ್ ಸುಮಾರು 30 ಕಿ.ಮೀ. ಅಷ್ಟು ದೂರವನ್ನು ಗಂಟೆಗೆ 180 ಕಿ.ಮೀ. ವೇಗದ ಡ್ರೋನ್ 10 ನಿಮಿಷದಲ್ಲಿ ದಾಟುತ್ತದೆ. ಸೆಕೆಂಡಿಗೆ 1 ಕಿ.ಮೀ. ಹೋಗುವ ಕ್ಷಿಪಣಿಗೆ 30 ಸೆಕೆಂಡು ಸಾಕು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಅಂದ್ರೆ ಅದೇ ದೂರಕ್ಕೆ 88 ಸೆಕೆಂಡು. ಅಂಥ ಕ್ಷಿಪಣಿಯ ಸದ್ದು ಕೇಳಿ ಓಡುತ್ತೇವೆ ಅನ್ನುವ ಮಾತೇ ಇಲ್ಲ, ಸದ್ದು ಬರುವ ಹೊತ್ತಿಗೆ ಅದು ಬಿದ್ದಾಗಿರುತ್ತದೆ. ಶಬ್ದಕ್ಕಿಂತ ವೇಗವಾದ ಏನೋ ಒಂದು ಮೊದಲೇ ನೋಡಿ ಹೇಳಬೇಕು. ಅದೇ ರೇಡಾರ್.

ರೇಡಾರ್ ಕಳಿಸುವ ರೇಡಿಯೋ ತರಂಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಹೋಗುತ್ತದೆ. 30 ಕಿ.ಮೀ. ಹೋಗಿ, ವಸ್ತುವಿಗೆ ತಾಗಿ, ತಿರುಗಿ ಬರಲು ಅದಕ್ಕೆ ಒಂದು ಸೆಕೆಂಡಿನ ಐದು ಸಾವಿರದ ಒಂದು ಭಾಗ ಬೇಕು. ಇಷ್ಟು ಚುರುಕಾದ ಕಣ್ಣಿಗೂ ಒಂದು ಕೊರತೆ ಇದೆ: ಭೂಮಿ ಗುಂಡಗಿದೆ. 9 ಮೀಟರ್ ಎತ್ತರದ ಕಂಬದ ಮೇಲೆ ರೇಡಾರ್ ಇಟ್ಟರೆ, 10,000 ಮೀಟರ್ ಎತ್ತರದ ವಿಮಾನ ಸುಮಾರು 420 ಕಿ.ಮೀ. ದೂರದಲ್ಲೇ ನಿಲುಕಿಗೆ ಬರುತ್ತದೆ. ಬರೇ 100 ಮೀಟರ್ ಎತ್ತರದಲ್ಲಿ ಬರುವ ಡ್ರೋನ್ 54 ಕಿ.ಮೀ. ಒಳಗೆ ಬಂದ ಮೇಲೇ ಕಾಣುತ್ತದೆ. (ಲೆಕ್ಕ ಮಾಡಿ ನೋಡುವವರಿಗೆ: ಎರಡೂ ಎತ್ತರಗಳ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿ, ಉತ್ತರ ಕಿ.ಮೀ.ನಲ್ಲಿ ಬರುತ್ತದೆ.) ಡ್ರೋನ್‌ಗಳನ್ನು ತಗ್ಗಿನಲ್ಲಿ ಹಾರಿಸುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಕಂಡ ಮೇಲೆ ಹೊಡೆಯಬೇಕು. ನಮ್ಮ ‘ಆಕಾಶ್’ ಕ್ಷಿಪಣಿ ಅದಕ್ಕೆಂದೇ ಇರುವುದು. 1983ರಲ್ಲಿ ಶುರುವಾದ ಕ್ಷಿಪಣಿ ಯೋಜನೆಯ ಐದು ಮಕ್ಕಳಲ್ಲಿ ಇದೂ ಒಂದು. ಪೃಥ್ವಿ, ಅಗ್ನಿ, ತ್ರಿಶೂಲ್, ನಾಗ್ ಉಳಿದ ನಾಲ್ಕು. ಆ ಯೋಜನೆಯ ಮುಂದಾಳು ಅಬ್ದುಲ್ ಕಲಾಂ. ಆಕಾಶ್‌ನ ಹೊಣೆ ಹೊತ್ತವರು ಬೆಂಗಳೂರಿನಲ್ಲಿ ಓದಿದ ಪ್ರಹ್ಲಾದ ರಾಮರಾವ್. ಅದರ ‘ರಾಜೇಂದ್ರ’ ರೇಡಾರ್ ರೂಪಿಸಿದ್ದು ಬೆಂಗಳೂರಿನ ಪ್ರಯೋಗಾಲಯ, ಕ್ಷಿಪಣಿ ರೂಪಿಸಿದ್ದು ಹೈದರಾಬಾದಿನದು. ತಯಾರಿಸುವುದು ಭಾರತ್ ಡೈನಾಮಿಕ್ಸ್. ಆ ಕಂಪನಿಯ ಒಂದು ಘಟಕ ನಮ್ಮ ಸಂಗಾರೆಡ್ಡಿ ಜಿಲ್ಲೆಯ ಭಾನೂರಿನಲ್ಲೇ ಇದೆ. ಸುಮಾರು 25 ಕಿ.ಮೀ. ದೂರದವರೆಗೆ, ಶಬ್ದದ ಎರಡು ಪಟ್ಟಿಗೂ ಮಿಕ್ಕಿದ ವೇಗದಲ್ಲಿ ಆಕಾಶ್ ಹೋಗುತ್ತದೆ. ಲಗೋರಿ ಆಡುವಾಗ ಓಡುವವನಿಗೆ ಚೆಂಡು ಹೊಡೆಯಬೇಕಾದರೆ ಅವನು ಇರುವ ಜಾಗಕ್ಕೆ ಎಸೆಯುತ್ತೀರಾ? ಇಲ್ಲ, ಅವನು ಮುಂದಿನ ಕ್ಷಣ ಎಲ್ಲಿರುತ್ತಾನೋ ಅಲ್ಲಿಗೆ. ಆಕಾಶ್‌ಗೆ ಆ ಜಾಗವನ್ನು ನೆಲದ ಮೇಲಿನ ರೇಡಾರ್ ಹೇಳುತ್ತಲೇ ಇರುತ್ತದೆ. ಗುರಿಗೆ ನೇರ ತಾಗಬೇಕೆಂದೂ ಇಲ್ಲ, ಹತ್ತಿರ ಹೋದರೆ ತಾನೇ ಸಿಡಿದು ಚೂರುಗಳಿಂದ ಹೊಡೆದು ಹಾಕುತ್ತದೆ.

ಆದರೆ ಅಗ್ಗದ ಡ್ರೋನ್‌ಗೆಲ್ಲ ದುಬಾರಿ ಕ್ಷಿಪಣಿ ಬಿಟ್ಟರೆ ಖಜಾನೆ ಬರಿದಾಗುತ್ತದೆ. 2025ರ ಮೇ 8ರ ರಾತ್ರಿ ಪಾಕಿಸ್ತಾನದಿಂದ 36 ಜಾಗಗಳತ್ತ 300ರಿಂದ 400 ಡ್ರೋನ್ ಬಂದವೆಂದು ನಮ್ಮ ಸರ್ಕಾರ ಹೇಳಿತು. ಇಂಥವಕ್ಕೆ ಹಳೆಯ ಎಲ್-70 ತೋಪುಗಳೂ ಕೆಲಸಕ್ಕೆ ಬಂದವು. ಇನ್ನೊಂದು ಉಪಾಯ ಜಾಮಿಂಗ್. ಡ್ರೋನ್ ತಾನಿರುವ ಜಾಗ ತಿಳಿಯುವುದು ಸುಮಾರು 20,000 ಕಿ.ಮೀ. ಮೇಲಿನ ಉಪಗ್ರಹಗಳ ಸಂಕೇತದಿಂದ. ಇಷ್ಟು ದೂರ ಬರುವಷ್ಟರಲ್ಲಿ ಅದು ಬಹಳ ಕ್ಷೀಣವಾಗಿರುತ್ತದೆ. ಝರಾಸಂಗಮದ ಜಾತ್ರೆಯಲ್ಲಿ ಮೈಕಿನ ಪಕ್ಕ ನಿಂತರೆ ಗೆಳೆಯ ಕರೆದದ್ದು ಕೇಳುತ್ತದೆಯೇ? ಜಾಮರ್ ಮಾಡುವುದು ಅಷ್ಟೇ, ಅದೇ ತರಂಗದಲ್ಲಿ ಗದ್ದಲ ಎಬ್ಬಿಸುತ್ತದೆ. ಯುಕ್ರೇನಿನಲ್ಲಿ ಇದಕ್ಕೂ ತಿರುಮಂತ್ರ ಹುಡುಕಿದ್ದಾರೆ: ಡ್ರೋನಿಗೆ ಹಿಂದಿನಿಂದ ತೆಳುವಾದ ಗಾಜಿನ ಎಳೆ ಕಟ್ಟಿ ಅದರ ಮೂಲಕವೇ ನಡೆಸುತ್ತಾರೆ. ಅದಕ್ಕೆ ಜಾಮರ್ ಲೆಕ್ಕಕ್ಕಿಲ್ಲ.

ಆಕಾಶದಲ್ಲಿ ಹೊಡೆದು ಹಾಕಿದರೂ ಚೂರುಗಳು ಎಲ್ಲಿ ಹೋಗುತ್ತವೆ? ಕೆಳಗೇ ಬೀಳುತ್ತವೆ. ಮನೆಯ ಮಾಳಿಗೆ ಹತ್ತಿ ಮೊಬೈಲಿನಲ್ಲಿ ವಿಡಿಯೋ ಮಾಡುವವರು ಇದನ್ನು ಮರೆಯುತ್ತಾರೆ. ಇನ್ನು ಫಿರಂಗಿಯ ಶೆಲ್‌ಗಳು ಗಡಿಯ ಊರಿಗೆ ಸೆಕೆಂಡುಗಳಲ್ಲಿ ಬೀಳುತ್ತವೆ. ಮೇ 7ರಂದೇ ಪೂಂಛ್ ಪಟ್ಟಣದಲ್ಲಿ ಶೆಲ್ ಬಿದ್ದು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಅಂಥ ಕಡೆ ಕಾಯುವುದು ನೆಲದಡಿಯ ಬಂಕರ್.

ಬಂಕರ್ ಇದ್ದರೂ ಸಾಲದು ಎಂಬುದಕ್ಕೆ ಕನ್ನಡಿಗರಿಗೆ ಬೇರೆ ಉದಾಹರಣೆ ಬೇಡ. 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ದಾಳಿಗೆ ಬಲಿಯಾದ. ದಿನಗಟ್ಟಲೆ ಮರೆಯಲ್ಲಿದ್ದವನು ಊಟದ ಸಾಮಾನು ತರಲು ಹೊರಗೆ ಹೋಗಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ. ಆಶ್ರಯ ಅಂದ್ರೆ ಗಟ್ಟಿ ಗೋಡೆ ಮಾತ್ರ ಅಲ್ಲ, ಕುಡಿಯುವ ನೀರು, ಅನ್ನ, ಶೌಚಾಲಯವೂ ಅದರಲ್ಲಿ ಸೇರಿವೆ. ನನ್ನ ದೃಷ್ಟಿಯಲ್ಲಿ ಕವಾಯತುಗಳಲ್ಲಿ ಸ್ಟ್ರೆಚರ್‌ಗೆ ಸಿಗುವ ಮಹತ್ವ ಈ ನೀರಿನ ಕೊಡಕ್ಕೆ ಸಿಗುತ್ತಿಲ್ಲ. ಅದೇ ಖಾರ್ಕಿವ್‌ನಲ್ಲಿ ಆಮೇಲೆ ಮೆಟ್ರೋ ರೈಲಿನ ನಿಲ್ದಾಣಗಳೊಳಗೆ ಶಾಲೆ ತೆರೆದರು. ಮಕ್ಕಳು ನೆಲದಡಿಯಲ್ಲಿ ಕುಳಿತು ಪಾಠ ಕೇಳಿದರು.

ಯುದ್ಧದಲ್ಲಿ ಬೀಳುವ ಬಾಂಬು ಒಂದೇ ಜಾಗಕ್ಕೆ ತಾಗಿದರೂ ಪೆಟ್ಟು ದೂರ ಹೋಗುತ್ತದೆ. ವಿದ್ಯುತ್ತಿನ ದೊಡ್ಡ ಟ್ರಾನ್ಸ್‌ಫಾರ್ಮರ್ ಸುಟ್ಟಿತು ಅನ್ನಿ. ಕರೆಂಟು ಹೋಯಿತು, ಪಂಪ್ ನಿಂತಿತು, ಮಂಜೀರಾದ ಸಿಂಗೂರು ಜಲಾಶಯದಲ್ಲಿ ನೀರಿದ್ದರೂ ನಲ್ಲಿಗೆ ಬರುವುದಿಲ್ಲ. ಆಸ್ಪತ್ರೆ ಜನರೇಟರಿನ ಡೀಸೆಲ್ ಮೇಲೆ ಎಷ್ಟು ಹೊತ್ತು ನಡೆದೀತು? ಅಂಥ ಟ್ರಾನ್ಸ್‌ಫಾರ್ಮರನ್ನು ಅಂಗಡಿಗೆ ಹೋಗಿ ತರಲಾಗದು, ಹೊಸದನ್ನು ಮಾಡಿಸಲು ತಿಂಗಳುಗಳೇ ಬೇಕು. ಅದಕ್ಕೆ ಯುಕ್ರೇನಿನವರು ಅವುಗಳ ಸುತ್ತ ಮರಳಿನ ಚೀಲ ಪೇರಿಸಿದರು, ತಂತಿ ಬಲೆಯ ಪೆಟ್ಟಿಗೆಗಳಲ್ಲಿ ಕಲ್ಲು ತುಂಬಿ ಗೋಡೆ ಕಟ್ಟಿದರು. ತಾಂಡೂರಿನ ಮಕ್ಕಳಿಗೆ ಒಂದು ಪ್ರಶ್ನೆ ಏಳಬಹುದು: ನಮ್ಮ ಫರಸಿ ಕಲ್ಲನ್ನೇ ನಿಲ್ಲಿಸಿದರೆ ಆಗದೇ? ಆಗದು. ಚಪ್ಪಟೆ ಕಲ್ಲು ಬಿರುಸು. ಪೆಟ್ಟು ಬಿದ್ದರೆ ಒಡೆದು ತಾನೇ ಚೂರಾಗಿ ಹಾರುತ್ತದೆ. ಮರಳು ಒಡೆಯುವುದಿಲ್ಲ, ಸರಿಯುತ್ತದೆ. ಲಕ್ಷಾಂತರ ಕಣಗಳು ಒಂದಕ್ಕೊಂದು ಉಜ್ಜಿಕೊಂಡು ಚೂರಿನ ಚಲನ ಶಕ್ತಿಯನ್ನು ಶಾಖವಾಗಿ ಕಳೆದುಬಿಡುತ್ತವೆ. ನೇರ ಹೊಡೆತವನ್ನು ಇದು ತಡೆಯಲಾರದು, ಪಕ್ಕದಲ್ಲಿ ಬಿದ್ದ ಬಾಂಬಿನ ಚೂರುಗಳನ್ನು ತಡೆಯುತ್ತದೆ.

ದೀಪ ಆರಿಸುವ ವಿಷಯವನ್ನೂ ಮಕ್ಕಳು ಕೇಳುತ್ತಾರೆ. 1971ರಲ್ಲಿ ವಿಮಾನದವನು ಕಣ್ಣಿನಿಂದ ನೋಡಿ ಬಾಂಬು ಹಾಕುತ್ತಿದ್ದ, ಕತ್ತಲೆ ಒಳ್ಳೆಯ ರಕ್ಷಣೆಯಾಗಿತ್ತು. ಉಪಗ್ರಹದ ಲೆಕ್ಕದಲ್ಲಿ ಬರುವ ಡ್ರೋನಿಗೆ ನಮ್ಮ ಬಲ್ಬು ಬೇಕಿಲ್ಲ. ಹಾಗಂತ ಆದೇಶ ಬಂದಾಗ ಆರಿಸದೆ ಇರಬೇಡಿ, ಕ್ಯಾಮೆರಾ ನೋಡಿ ನಡೆಸುವ ಡ್ರೋನ್‌ಗಳೂ ಇವೆ.

ಗಾಜಿನ ವಿಷಯ ಮಾತ್ರ ಚೆನ್ನಾಗಿ ನೆನಪಿಡಿ. 2013ರ ಫೆಬ್ರವರಿ 15ರಂದು ರಷ್ಯದ ಚೆಲ್ಯಾಬಿನ್‌ಸ್ಕ್ ಮೇಲೆ ಉಲ್ಕೆಯೊಂದು ಸಿಡಿಯಿತು. ಬಾಂಬಲ್ಲದಿದ್ದರೂ ಭೌತಶಾಸ್ತ್ರ ಒಂದೇ. ಬೆಳಕು ಕೂಡಲೇ ಕಂಡಿತು, ಆಘಾತ ತರಂಗ ಬರಲು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಆ ಹೊತ್ತಿನಲ್ಲಿ ಜನ ‘ಏನದು?’ ಅಂತ ಕಿಟಕಿಗೆ ಬಂದಿದ್ದರು. ಸುಮಾರು 1,500 ಮಂದಿಗೆ ಗಾಯ, ಬಹುಪಾಲು ಗಾಜಿನಿಂದ. ಅಲ್ಲಿನ ಒಬ್ಬ ಶಾಲಾ ಶಿಕ್ಷಕಿ ಬೆಳಕು ಕಂಡೊಡನೆ ತನ್ನ 44 ಮಕ್ಕಳನ್ನು ಮೇಜಿನ ಕೆಳಗೆ ಕೂರಿಸಿದರು. ಯಾವ ಮಗುವಿಗೂ ಗಾಜು ತಾಗಲಿಲ್ಲ. ನಿಂತೇ ಇದ್ದ ಅವರ ಕೈಗೆ ಆಳವಾದ ಗಾಯವಾಯಿತು.

ಈ ತಿಂಗಳ ಚಟುವಟಿಕೆ ಇದು. ನಿಮ್ಮ ಶಾಲೆಯ ನಕ್ಷೆ ಬರೆಯಿರಿ. ಹೊರಗಿನ ಬಯಲಿಗೂ ನಿಮಗೂ ನಡುವೆ ಎರಡು ಗೋಡೆ ಇರುವ, ಗಾಜಿಲ್ಲದ ಜಾಗ ಯಾವುದು? ಎಲ್ಲ ತರಗತಿಯವರೂ ಅಲ್ಲಿ ಹಿಡಿಸುತ್ತಾರೆಯೇ? ಕುಡಿಯುವ ನೀರು ಎಷ್ಟು ಹೆಜ್ಜೆ ದೂರ? ನಿಮ್ಮ ಬೆಂಚಿನಿಂದ ಅಲ್ಲಿಗೆ ನಡೆದು ಹೋಗಲು ಎಷ್ಟು ಸೆಕೆಂಡು ಬೇಕು ಎಂದು ಗಡಿಯಾರ ಹಿಡಿದು ಅಳೆಯಿರಿ. ಸೈರನ್ ಏರಿಳಿಯುತ್ತ ಕೂಗಿದರೆ ಎಚ್ಚರಿಕೆ, ಒಂದೇ ಸಮನೆ ಕೂಗಿದರೆ ಅಪಾಯ ಮುಗಿಯಿತು ಎಂದು ನಕ್ಷೆಯ ಕೆಳಗೆ ಬರೆದು, ಮನೆಯ ಹಿರಿಯರಿಗೂ ತೋರಿಸಿ.