ಹಲ್ಲಿನ ಕ್ಲಿಪ್ಪು: ಅಂಟಿದ ಬಗೆ, ಕಳಚುವ ಬಗೆ

ಕುವೈತಿನ ಸಾಲ್ಮಿಯಾ, ಅಬ್ಬಾಸಿಯಾ, ಮಂಗಾಫ್ ಮೊದಲಾದ ವಸತಿಗಳಲ್ಲಿ ನೆಲಸಿರುವ ಕನ್ನಡ ಕುಟುಂಬಗಳಿಗೆ ಬೇಸಗೆಯ ರಜೆಯೆಂದರೆ ಊರಿನ ಪ್ರಯಾಣವಷ್ಟೆ; ಆದರೆ ವಕ್ರದಂತಗಳನ್ನು ಸಮಪಂಕ್ತಿಗೆ ತರುವ ಚಿಕಿತ್ಸೆಯು ಸಾಮಾನ್ಯವಾಗಿ ಒಂದೂವರೆ ಎರಡು ವರ್ಷಗಳಷ್ಟು ದೀರ್ಘವಾದುದರಿಂದ, ಅಂಥ ರಜೆಯೊಂದಾದರೂ ಅದರ ನಡುವೆ ಬಂದೇ ಬರುತ್ತದೆ. ಕುವೈತಿನಲ್ಲಿ ಹಾಕಿಸಿದ ಕ್ಲಿಪ್ಪು ಅಜ್ಜಿಮನೆಯಲ್ಲಿ ಚಕ್ಕುಲಿ ಕಡಿಯುವಾಗ ಕಳಚಬಹುದು; ಊರಿನಲ್ಲಿ ಹಾಕಿಸಿದ್ದು, ವೈದ್ಯರು ಕಡಲಾಚೆ ಉಳಿದಿರುವಾಗ, ಇಲ್ಲಿ ಖರ್ಜೂರದ ಬೀಜಕ್ಕೆ ತಗುಲಿ ಸಡಿಲಬಹುದು. ಆಗ ಮಗುವಿಗೆ ತಪ್ಪು ಮಾಡಿದೆನೆಂಬ ಅಳುಕು, ತಾಯ್ತಂದೆಯರಿಗೆ ಕಳವಳ. ಈ ಎರಡನ್ನೂ ಶಮನಗೊಳಿಸಬಲ್ಲ ಸಂಗತಿಯು ಆ ಉಪಕರಣದ ಚರಿತ್ರೆಯಲ್ಲಿಯೇ ಇದೆ.

ಹಲ್ಲನ್ನು ಸರಿಸುವ ವಿಧಾನವನ್ನು ಗ್ರಂಥಸ್ಥಗೊಳಿಸಿದವರಲ್ಲಿ ಅಗ್ರಗಣ್ಯನಾದ ಫ್ರಾನ್ಸಿನ ಪಿಯೆರ್ ಫೋಶಾರನು, 1728ರಲ್ಲಿ, ಬಾಗಿಸಿದ ಲೋಹದ ಪಟ್ಟಿಯೊಂದಕ್ಕೆ ಹಲ್ಲುಗಳನ್ನು ದಾರದಿಂದ ಬಿಗಿಯುವ ಕ್ರಮವನ್ನು ವಿವರಿಸಿದನು. ಮುಂದೆ ಅಮೆರಿಕದ ಎಡ್ವರ್ಡ್ ಆ್ಯಂಗಲನು 1899ರಲ್ಲಿ ದಂತವೈಷಮ್ಯಗಳನ್ನು ವರ್ಗೀಕರಿಸಿ, 1928ರ ವೇಳೆಗೆ ಇಂದಿನ ಬ್ರ್ಯಾಕೆಟ್ಟುಗಳ (ಹಲ್ಲಿನ ಮೇಲೆ ಕೂತು ತಂತಿಯನ್ನು ಹಿಡಿಯುವ ಪುಟ್ಟ ತುಣುಕುಗಳ) ಪೂರ್ವಜವೆನ್ನಬಹುದಾದ, ತಂತಿ ಕೂರುವ ಆಯತಾಕಾರದ ತೋಡುಳ್ಳ ರಚನೆಯನ್ನು ಲೋಕಕ್ಕೆ ಕೊಟ್ಟನು. ಆದರೆ ಅಂದು ಬ್ರ್ಯಾಕೆಟ್ಟನ್ನು ಹಲ್ಲಿಗೆ ನೇರವಾಗಿ ಅಂಟಿಸುವ ಉಪಾಯವಿರಲಿಲ್ಲ. ಒಂದೊಂದು ಹಲ್ಲಿಗೂ ಲೋಹದ ಉಂಗುರ ತೊಡಿಸಿ, ಸಿಮೆಂಟು ತುಂಬಿ, ಅದರ ಮೇಲೆ ಬ್ರ್ಯಾಕೆಟ್ಟನ್ನು ನಿಲ್ಲಿಸಬೇಕಾಗಿತ್ತು. ಉಂಗುರ ತೂರಲು ಹಲ್ಲುಗಳ ನಡುವೆ ಎಡೆ ಬಿಡಿಸುವುದು ನೋವಿನ ಕೆಲಸ. ಒಳಗಿನ ಸಿಮೆಂಟು ಕರಗಿತೆಂದರೆ, ಹೊರಗೆ ಎಲ್ಲವೂ ಭದ್ರವಾಗಿ ತೋರುತ್ತಿರುವಾಗಲೇ, ಒಳಗೆ ಹಲ್ಲು ಹುಳುಕಾಗುತ್ತಿತ್ತು.

ಈ ಕಷ್ಟಕ್ಕೆ ಪರಿಹಾರವು ಬೇರೊಂದು ದಿಕ್ಕಿನಿಂದ ಬಂತು. ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಲೋಹಕ್ಕೆ ಫಾಸ್ಫಾರಿಕ್ ಆಮ್ಲವನ್ನು ಸವರುವುದನ್ನು ಗಮನಿಸಿದ್ದ ದಂತವೈದ್ಯ ಮೈಕೆಲ್ ಬುವೊನೊಕೋರ್, ಅದನ್ನೇ ಹಲ್ಲಿನ ಹೊರಕವಚವಾದ ಎನಾಮೆಲಿಗೆ ಅನ್ವಯಿಸಿ 1955ರಲ್ಲಿ ಫಲಿತವನ್ನು ಪ್ರಕಟಿಸಿದನು: ಆಮ್ಲವು ಎನಾಮೆಲಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳನ್ನು ಮಾಡುತ್ತದೆ, ದ್ರವರೂಪದ ರಾಳವು ಅವುಗಳೊಳಗೆ ಇಳಿದು, ಗಟ್ಟಿಯಾಗಿ, ಬೇರೂರಿ ನಿಲ್ಲುತ್ತದೆ. ಇದನ್ನಾಧರಿಸಿ 1965ರಲ್ಲಿ ದಂತವೈದ್ಯ ಜಾರ್ಜ್ ನ್ಯೂಮನ್ ಬ್ರ್ಯಾಕೆಟ್ಟನ್ನು ಎನಾಮೆಲಿಗೆ ನೇರವಾಗಿ ಅಂಟಿಸುವ ಮಾರ್ಗವನ್ನು ತೋರಿಸಿದ ಮೇಲೆ, ಉಂಗುರಗಳು ಕ್ರಮೇಣ ದವಡೆಹಲ್ಲುಗಳಿಗಷ್ಟೆ ಸೀಮಿತವಾದುವು.

ಆದರೆ ಈ ಅಂಟಿಗೆ ಪರಸ್ಪರ ವಿರುದ್ಧವಾದ ಎರಡು ಧರ್ಮಗಳಿರಬೇಕು. ಅಗಿಯುವ ಬಲವನ್ನು ಅದು ತಾಳಬೇಕು. ಚಿಕಿತ್ಸೆ ಮುಗಿದಾಗ ಎನಾಮೆಲಿಗೆ ಗಾಯವಾಗದಂತೆ ಬಿಟ್ಟುಬರಬೇಕು. 1975ರಲ್ಲಿ ರೆನಾಲ್ಡ್ಸ್ ಎಂಬ ಸಂಶೋಧಕನು ಸುಮಾರು 6ರಿಂದ 8 ಮೆಗಾಪಾಸ್ಕಲ್‌ಗಳಷ್ಟು ಬಂಧಶಕ್ತಿ ಸಾಕೆಂದು ಸೂಚಿಸಿದುದು ಈ ಮಧ್ಯಮಮಾರ್ಗವನ್ನೇ. ಆದುದರಿಂದ ಗಟ್ಟಿ ತಿನಿಸಿನ ಪೆಟ್ಟಿಗೆ ಬ್ರ್ಯಾಕೆಟ್ಟು ಕಳಚಿತೆಂದರೆ, ಹಲ್ಲು ಸೋಲುವ ಮುನ್ನ ಅಂಟು ಸೋತಿತೆಂದೇ ತಿಳಿಯತಕ್ಕದ್ದು.

ಹಾಗೆಂದು ಅಲಕ್ಷ್ಯ ಸಲ್ಲದು. ಕಳಚಿದ ಬ್ರ್ಯಾಕೆಟ್ಟು ತಂತಿಯಲ್ಲೇ ತೂಗುತ್ತಿದ್ದರೆ ಎಳೆಯದೆ, ಒರಸಿ ಒಣಗಿಸಿ, ವೈದ್ಯರು ಕೊಡುವ ಮೇಣವನ್ನು ಮೆತ್ತಬೇಕು. ಪೂರ್ತಿ ಕೈಗೆ ಬಂದರೆ ಡಬ್ಬಿಯಲ್ಲಿಟ್ಟು ಒಯ್ಯಬೇಕು. ಕೆನ್ನೆಗೆ ಚುಚ್ಚುವ ತಂತಿಯ ತುದಿಯನ್ನು ಪೆನ್ಸಿಲ್ಲಿನ ಶುಚಿಯಾದ ರಬ್ಬರಿನಿಂದ ಮೆಲ್ಲನೆ ಒತ್ತಿ ಮಲಗಿಸಬಹುದು. ಹುಣ್ಣಾದರೆ ಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಬಹುದು. ಮನೆಯ ಅಂಟಿನಿಂದ ಕೂರಿಸುವ ಸಾಹಸವನ್ನು ಮಾತ್ರ ಎಂದಿಗೂ ಮಾಡಬಾರದು. ತುಣುಕು ನುಂಗಿದ ಮೇಲೆ ಕೆಮ್ಮೋ ಉಸಿರಾಟದ ತೊಂದರೆಯೋ ಕಂಡರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಕುವೈತಿನಲ್ಲಿಯೂ ಭಾರತದಲ್ಲಿಯೂ ತುರ್ತು ಕರೆಯ ಸಂಖ್ಯೆ 112.

ಎರಡು ದೇಶಗಳ ನಡುವೆ ಬಾಳುವವರು ನೆನಪಿಡಬೇಕಾದ ಇನ್ನೊಂದು ವಿಷಯವುಂಟು. ಬ್ರ್ಯಾಕೆಟ್ಟಿನ ತೋಡು 0.018 ಅಂಗುಲದ್ದಾಗಿರಬಹುದು, ಇಲ್ಲವೇ 0.022 ಅಂಗುಲದ್ದಾಗಿರಬಹುದು. ಒಂದರ ಲೆಕ್ಕದಲ್ಲಿ ಆರಿಸಿದ ತಂತಿ ಇನ್ನೊಂದಕ್ಕೆ ಸರಿಹೋಗದು. ಹಾಗೆಂದು ಅಂಜಬೇಕಿಲ್ಲ: ಮಣಿಪಾಲದಲ್ಲಿ 1965ರಿಂದ, ಕುವೈತ್ ವಿಶ್ವವಿದ್ಯಾಲಯದಲ್ಲಿ 1996ರಿಂದ ದಂತವೈದ್ಯ ಶಿಕ್ಷಣದ ಸಂಸ್ಥೆಗಳಿವೆ. ಎರಡು ಕಡೆಯೂ ಬಲ್ಲವರಿಗೆ ಕೊರತೆಯಿಲ್ಲ. ಅವರ ಕೈಗೆ ಚಿಕಿತ್ಸೆಯ ದಾಖಲೆ, ಎಕ್ಸ್‌ರೇ, ತೋಡಿನ ಅಳತೆ ಇಷ್ಟನ್ನು ಒದಗಿಸಿದರೆ, ಒಬ್ಬರು ಆರಂಭಿಸಿದುದನ್ನು ಮತ್ತೊಬ್ಬರು ನಿರಾತಂಕವಾಗಿ ಮುಂದುವರಿಸಬಲ್ಲರು. ಪ್ರಯಾಣಕ್ಕೆ ಪಾಸ್‌ಪೋರ್ಟು ಜೋಡಿಸುವ ತಾಯ್ತಂದೆಯರು ಈ ಕಾಗದಗಳನ್ನೂ ಒಂದು ಚೂರು ಮೇಣವನ್ನೂ ಜೊತೆಗಿಟ್ಟುಕೊಳ್ಳಲಿ. ಕ್ಲಿಪ್ಪು ಕಳಚಿದಾಗ ಮಗುವನ್ನು ಗದರದೆ, ಮೊದಲು ವೈದ್ಯರಿಗೆ ಕರೆ ಮಾಡಲಿ.