ಒಂದು ಪ್ಲೇಟು ನಿಮಗೂ ಇರಲಿ

ಹೋಟೆಲಿಗೆ ಹೋದಾಗ ಮಕ್ಕಳಿಗೆ ಐಸ್‌ಕ್ರೀಂ, ಯಜಮಾನರಿಗೆ ಮಸಾಲೆ ದೋಸೆ, ಅತ್ತೆಯವರಿಗೆ ಇಡ್ಲಿ. ನಿಮಗೆ? ‘ನಂಗೇನೂ ಬೇಡ, ಮಕ್ಕಳು ಬಿಟ್ಟಿದ್ದು ತಿಂತೀನಿ’ ಅಂತೀರಿ, ಅಲ್ವೇ?

ತಿಂಗಳಿಗೊಮ್ಮೆಯಾದರೂ ಈ ಅಭ್ಯಾಸ ಬಿಡಿ. ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ ಇಬ್ಬರು ಗೆಳತಿಯರ ಜತೆ ಕೆಫೆಗೆ ಹೋಗಿ. ಮೂರು ಬಗೆ ತರಿಸಿ ಹಂಚಿಕೊಂಡರೆ ಮೂರರ ರುಚಿಯೂ ಸಿಗುತ್ತೆ, ಬಿಲ್ಲೂ ಭಾರ ಅನ್ನಿಸಲ್ಲ. ಬೆಂಗಳೂರಿನ ಕಾರ್ನರ್ ಹೌಸ್‌ನ ‘ಡೆತ್ ಬೈ ಚಾಕೊಲೇಟ್’ ಅಂತೂ ಕೇಕು, ಐಸ್‌ಕ್ರೀಂ, ಚಾಕೊಲೇಟ್ ಸಾಸ್ ಎಲ್ಲ ಸೇರಿದ ಗುಡ್ಡ. ಅದಕ್ಕೆ ಮೂರು ಚಮಚ ಕೇಳಿ!

ಮೆನುವಿನ ಹೆಸರುಗಳಿಗೆ ಹೆದರಬೇಡಿ, ಆದರೆ ಒಳಗೇನಿದೆ ಅಂತ ಕೇಳಿ. ಕ್ಯಾರಮೆಲ್ ಕಸ್ಟರ್ಡ್ ಎಂದರೆ ಹಾಲು, ಮೊಟ್ಟೆ, ಸುಟ್ಟ ಸಕ್ಕರೆಯ ಪಾಕ. ಇಟಲಿಯ ತಿರಾಮಿಸುವಿನಲ್ಲಿ ಕಾಫಿಯಲ್ಲಿ ಅದ್ದಿದ ಬಿಸ್ಕತ್ತಿನ ಮೇಲೆ ಚೀಸ್ ಪದರ; ಹಸಿ ಮೊಟ್ಟೆ ಹಾಕುವುದುಂಟು, ಕೆಲವೆಡೆ ಮದ್ಯವೂ ಇರುತ್ತೆ. ಬಸುರಿಯರು ವಿಚಾರಿಸದೆ ತಿನ್ನಬಾರದು. ಪನ್ನಾ ಕೋಟಾಗೆ ಮೊಟ್ಟೆ ಹಾಕುವುದಿಲ್ಲ, ಸರಿ. ಆದರೆ ಕೆನೆ ಗಟ್ಟಿಯಾಗಲೆಂದು ಬೆರೆಸುವ ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ಬರುವಂಥದ್ದು. ‘ಎಗ್‌ಲೆಸ್’ ಅಂದ ಮಾತ್ರಕ್ಕೆ ಸಸ್ಯಾಹಾರ ಅಂದುಕೊಳ್ಳಬೇಡಿ. ಕೆಲವರು ಇದರ ಬದಲು ಕಡಲಪಾಚಿಯ ಅಗರ್ ಅಗರ್ ಬಳಸುತ್ತಾರೆ. ಆರ್ಡರ್ ತೆಗೆದುಕೊಳ್ಳಲು ಬಂದ ಹುಡುಗನಿಗೆ ಗೊತ್ತಿಲ್ಲದಿದ್ದರೆ ಅಡುಗೆಮನೆಗೆ ಹೋಗಿ ಕೇಳಿಕೊಂಡು ಬರಲಿ. ದುಡ್ಡು ಕೊಡೋರು ನಾವು, ಸಂಕೋಚ ಯಾಕೆ?

ಫ್ರಿಜ್ಜಿನಿಂದ ಬಂದ ಚಾಕೊಲೇಟ್ ಕೇಕನ್ನು ಐದು ನಿಮಿಷ ಹಾಗೇ ಬಿಡಿ. ತೀರಾ ತಣ್ಣಗಿದ್ದರೆ ನಾಲಿಗೆಗೆ ಸಿಹಿ ಸರಿಯಾಗಿ ತಿಳಿಯಲ್ಲ. ಕಾಫಿಗೆ ಸಕ್ಕರೆ ಬೇಡ ಅನ್ನಿ, ಕೇಕಿನ ಸಿಹಿಗೆ ಆ ಕಹಿ ಚೆನ್ನಾಗಿ ಹೊಂದುತ್ತೆ.

ಮಕ್ಕಳಿಗೆ ಪಾರ್ಸೆಲ್ ಬೇಕೇ? ಬೇರೆ ಕಟ್ಟಿಸಿ. ನಿಮ್ಮ ಪ್ಲೇಟಿನಲ್ಲಿರೋದನ್ನ ನೀವೇ ಮುಗಿಸಿ.